ಚಳಿ ಬಿಡಿಸಿದ ಸಲಿಕೆ: ಮಿನೆಸೋಟಾದಲ್ಲಿ ನನ್ನ ಎಕ್ಸ್‌ಚೇಂಜ್ ವರ್ಷ

ನವೆಂಬರ್ ಮೂರನೇ ವಾರ ನಮ್ಮ ಕೋಆರ್ಡಿನೇಟರ್, ಅಂದರೆ ನಮ್ಮಂಥ ಎಕ್ಸ್‌ಚೇಂಜ್ ಮಕ್ಕಳನ್ನು ನೋಡಿಕೊಳ್ಳುವವರು, ಮನೆಗೇ ಬಂದು ಕೂತರು. "ಕ್ರಿಸ್‌ಮಸ್ ಒಳಗೆ ಊರಿಗೆ ಹೋಗಬೇಕು ಅನಿಸಿದರೆ ಹೇಳು, ಅದರಲ್ಲಿ ನಾಚಿಕೆ ಏನಿಲ್ಲ" ಎಂದರು. ನಾನು ಊರಿಗೆ ಹೋಗಿದ್ದು ಜೂನ್‌ನಲ್ಲಿ. ಅಷ್ಟು ದಿನ ನನ್ನನ್ನು ಅಲ್ಲಿ ನಿಲ್ಲಿಸಿದ್ದು ಹಿಮ ಎತ್ತುವ ಒಂದು ಸಲಿಕೆ. ಆಗ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಿಂದ 2019ರ ಜೂನ್‌ವರೆಗೆ ನಾನಿದ್ದದ್ದು ಅಮೆರಿಕಾದ ಉತ್ತರ ತುದಿಯ ಮಿನೆಸೋಟಾ ರಾಜ್ಯದ ಐರನ್ ರೇಂಜ್‌ನಲ್ಲಿ, ಅಂದರೆ ಕಬ್ಬಿಣದ ಗಣಿಗಳ ಸೀಮೆಯಲ್ಲಿ. ಡುಲೂತ್ ನಗರದಿಂದ ಉತ್ತರಕ್ಕೆ ಒಂದೂವರೆ ಗಂಟೆ ದಾರಿ. ಊರಲ್ಲಿ ಸಾವಿರದೈನೂರು ಜನ ಇದ್ದರೆ ಹೆಚ್ಚು. ಪಕ್ಕದಲ್ಲೇ ಕಬ್ಬಿಣದ ಅದಿರಿನ ಗಣಿ, ಅಲ್ಲಿ ಸಿಡಿಮದ್ದು ಸಿಡಿಸಿದ ದಿನ ನಮ್ಮ ಅಡುಗೆಮನೆಯ ಗಾಜು ಗಡಗಡ. ನನಗೆ 16 ವರ್ಷ, ತೂಕ 46 ಕೆಜಿ. ರಾಯಚೂರಿನ ಬಿಸಿಲಲ್ಲಿ ಬೆಳೆದವಳು. ಎಕ್ಸ್‌ಚೇಂಜ್ ಅಂದರೆ ಒಂದು ವರ್ಷ ಬೇರೆ ದೇಶದ ಒಂದು ಮನೆಯಲ್ಲಿ (ಅದೇ ಹೋಸ್ಟ್ ಫ್ಯಾಮಿಲಿ) ಇದ್ದು ಅಲ್ಲಿನ ಶಾಲೆಗೆ ಹೋಗುವುದು. ವೀಸಾ, ಇಂಟರ್‌ವ್ಯೂ ಕತೆ ಬಿಡಿ.

ಮೊದಲು ನನ್ನ ದಡ್ಡತನದ ಲೆಕ್ಕ. ಊರಿಂದ ಹೊರಡುವ ಮುಂಚೆ ಬಟ್ಟೆಗೆ ಸುಮಾರು 22,000 ರೂಪಾಯಿ ಸುರಿದಿದ್ದೆವು. ದಪ್ಪ ಕೋಟು ಒಂದಕ್ಕೇ ಒಂಬತ್ತು ಸಾವಿರ. ನೋಡೋಕೆ ಹಾಸಿಗೆ ಸುತ್ತಿಕೊಂಡ ಹಾಗಿತ್ತು, ಆದರೆ ಗಾಳಿ ಸೀದಾ ಒಳಗೆ ನುಗ್ಗುತ್ತಿತ್ತು. ಬೂಟು ಕಾಲಿಗೆ ಸರಿಯಾಗಿ ಕೂರುವ ಅಳತೆಯದು. ಅದರೊಳಗೆ ಎರಡು ಜೊತೆ ಕಾಟನ್ ಸಾಕ್ಸ್ ತುರುಕಿದೆ. ಬೆರಳು ಆಡಿಸಲು ಜಾಗವಿಲ್ಲ, ರಕ್ತ ಓಡಲ್ಲ, ಹತ್ತೇ ನಿಮಿಷಕ್ಕೆ ಬೆರಳುಗಳು ಮರಗಟ್ಟಿದವು. ಐದು ಬೆರಳಿನ ಗ್ಲೌಸ್ ಕೂಡ ದಂಡ. ಅಲ್ಲಿನವರು ಹಾಕುವುದು ಚಾಪರ್ ಅಂತ, ಹೊರಗೆ ಚರ್ಮ, ಒಳಗೆ ಉಣ್ಣೆ, ನಾಲ್ಕು ಬೆರಳಿಗೂ ಒಂದೇ ಚೀಲ. ಬೆರಳುಗಳು ಒಂದಕ್ಕೊಂದು ತಾಗಿ ಬೆಚ್ಚಗಿರುತ್ತವೆ.

ಕೊನೆಗೆ ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ ಎಲ್ಲ ಸಿಕ್ಕಿತು. ಒಂದು ಸೈಜು ದೊಡ್ಡ ಬೂಟು 15 ಡಾಲರ್, ಚಾಪರ್ 4, ಹಿಮದ ಪ್ಯಾಂಟು 8, ಉಣ್ಣೆ ಸ್ವೆಟರು 3. ಮೈಗಂಟುವ ಒಳಬಟ್ಟೆ ಎರಡು ಜೊತೆ ಮಾತ್ರ ಹೊಸದು, 40 ಡಾಲರ್ ಇರಬೇಕು. ಮಿನೆಸೋಟಾದಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಬೆಲೆಚೀಟಿಯಲ್ಲಿ ಇದ್ದಷ್ಟೇ ಕೊಟ್ಟು ಬರಬಹುದು. ಎಲ್ಲ ಸೇರಿ 70 ಡಾಲರ್. ಆಗಿನ ರೇಟಿನಲ್ಲಿ ಐದು ಸಾವಿರ ರೂಪಾಯಿ. ಒಂಬತ್ತು ಸಾವಿರದ ಕೋಟನ್ನು ಹೋಸ್ಟ್ ಮನೆಯ ನಾಯಿಗೆ ಹಾಸಿದೆ.

ಬಟ್ಟೆ ಸರಿಹೋಯಿತು, ಮನಸ್ಸು ಹೋಗಲಿಲ್ಲ. ನವೆಂಬರ್ 4ಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು (ಚಳಿಗಾಲಕ್ಕೆ ಅಲ್ಲಿ ಎಲ್ಲರೂ ಹೀಗೆ ತಿರುಗಿಸುತ್ತಾರೆ). ಅಲ್ಲಿಂದ ಶುರು. ಸ್ಕೂಲ್ ಬಸ್ಸಿಂದ ಇಳಿದು ಒಂದಿಷ್ಟು ತಿನ್ನುವಷ್ಟರಲ್ಲಿ ಕತ್ತಲೆ. ಡಿಸೆಂಬರ್‌ನಲ್ಲಂತೂ ಹಗಲು ಎಂಟೂವರೆ ಗಂಟೆ ಅಷ್ಟೇ. ಸಂಜೆ ಬಂದವಳೇ ಮಲಗಿಬಿಡುತ್ತಿದ್ದೆ. ರಾತ್ರಿ ಹತ್ತಕ್ಕೆ ಎದ್ದರೆ ಊರಲ್ಲಿ ಬೆಳಗ್ಗೆ ಒಂಬತ್ತೂವರೆ. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ ನೋಡಿ, ನಮ್ಮ ರಾತ್ರಿಯೇ ಅವರ ಹಗಲು. ಅಮ್ಮನ ಜೊತೆ ಫೋನು, ಆಮೇಲೆ ಗೆಳತಿಯರ ಜೊತೆ ಫೋನು, ಬೆಳಗಿನ ಜಾವ ಎರಡರವರೆಗೆ. ಮೈ ಅಮೆರಿಕಾದಲ್ಲಿ, ನಿದ್ದೆ ರಾಯಚೂರಲ್ಲಿ. ಕ್ಲಾಸಿನಲ್ಲಿ ತೂಕಡಿಕೆ. ಮ್ಯಾಥ್ಸ್‌ನಲ್ಲಿ ಸಿ ಬಂತು. ನನಗೆ! ಕೋಆರ್ಡಿನೇಟರ್ ಬಂದಿದ್ದು ಆಗಲೇ.

ಅವರು ಕೊಟ್ಟ ಸಲಹೆಗಳನ್ನೆಲ್ಲ ಮಾಡಿ ನೋಡಿದೆ. ಡೈರಿ ಬರೆದೆ. ಬಿಸಿಲಿಲ್ಲದ ಕೊರತೆ ನೀಗಲು ಜೋರು ಬೆಳಕು ಕೊಡುವ ಒಂದು ದೀಪದ ಪೆಟ್ಟಿಗೆ ತಂದುಕೊಟ್ಟರು, ಅದರ ಮುಂದೆ ಕೂತು ಮತ್ತೆ ಫೋನ್ ನೋಡಿದೆ. ಕ್ಲಬ್ಬುಗಳಿಗೆ ಸೇರು ಎಂದರು. ಸೇರಿದೆ, ಮೂಲೆಯಲ್ಲಿ ಕೂತು ಎದ್ದು ಬಂದೆ. ಯಾವುದೂ ಹತ್ತಲಿಲ್ಲ.

ಸಲಿಕೆ ಕೈಗೆ ಬಂದಿದ್ದು ಆಕಸ್ಮಿಕ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ ಒಂದು ಬೆಳಗಿನ ಜಾವ, ಅಮ್ಮನ ಫೋನು ಇಟ್ಟು ಕಿಟಕಿಯಲ್ಲಿ ನೋಡಿದರೆ, ಎದುರು ಮನೆಯ ಅಜ್ಜಿ ಒಬ್ಬರೇ ಹಿಮ ತಳ್ಳುತ್ತಿದ್ದಾರೆ. ಎಂಬತ್ತು ದಾಟಿದವರು. ನೋಡಿಕೊಂಡು ಕೂರಲು ನಾಚಿಕೆಯಾಯಿತು. ಗ್ಯಾರೇಜಿನಿಂದ ಸಲಿಕೆ ಎತ್ತಿಕೊಂಡು ಹೋದೆ. ಅರ್ಧ ಗಂಟೆಗೆ ಬೆವರು ಕಿತ್ತುಕೊಂಡು ಬಂತು. ಅಕ್ಟೋಬರ್‌ನಿಂದ ಮೊದಲ ಸಲ ನನಗೆ ಸೆಕೆ ಆಗಿದ್ದು! ಅಜ್ಜಿ ಒಳಗೆ ಕರೆದು ಕಾಫಿ, ಪೊಟೀಟ್ಸಾ ಕೊಟ್ಟರು. ಪೊಟೀಟ್ಸಾ ಅಂದರೆ ಅಕ್ರೋಟು ಅರೆದು ಸುತ್ತಿದ ಸಿಹಿ ರೊಟ್ಟಿ, ಸ್ಲೊವೇನಿಯಾದಿಂದ ಗಣಿ ಕೆಲಸಕ್ಕೆ ಬಂದವರ ಜೊತೆ ಆ ಊರಿಗೆ ಬಂದದ್ದು. ಅದರ ಹೆಸರು ಸರಿಯಾಗಿ ಹೇಳಿದರೆ ಆ ಊರಲ್ಲಿ ಅರ್ಧ ಕೆಲಸ ಆದಂತೆ.

ಆ ರಾತ್ರಿ ಒಂಬತ್ತಕ್ಕೇ ನಿದ್ದೆ ಬಂತು. ಫೋನು ಮಾಡಲಿಲ್ಲ. ನನ್ನ ಉಪಾಯ ಇಷ್ಟೇ. ಬೆಳಗ್ಗೆ ಐದಕ್ಕೆ ಎದ್ದು ಮೈ ದಣಿಸಿದರೆ ರಾತ್ರಿ ಊರಿನ ಗಡಿಯಾರದ ಪ್ರಕಾರ ಬದುಕಲು ಶಕ್ತಿಯೇ ಉಳಿಯುವುದಿಲ್ಲ. ಫೋನು ತಾನಾಗಿಯೇ ಭಾನುವಾರಕ್ಕೆ ಹೋಯಿತು. ಹಿಮ ಬೀಳದ ದಿನ ಅದೇ ಹೊತ್ತಿಗೆ ಸುಮ್ನೆ ನಡೆದು ಬರುತ್ತಿದ್ದೆ, ತಪ್ಪಿಸಲಿಲ್ಲ.

ಯಾರೂ ನಂಬಲಿಲ್ಲ. ಹೋಸ್ಟ್ ಅಪ್ಪ, "ನಮ್ಮ ಮನೇಲಿ ಸ್ನೋಬ್ಲೋವರ್ ಇದೆಯಲ್ಲ" ಎಂದು ನಕ್ಕರು. ಅದು ಹಿಮ ಎಸೆಯುವ ಯಂತ್ರ. ಕೋಆರ್ಡಿನೇಟರ್‌ಗೆ ಚಳಿಗೆ ನನ್ನ ಕಿವಿ ಮೂಗು ಹೆಪ್ಪುಗಟ್ಟುವ ಚಿಂತೆ. ಅಮ್ಮ ಫೋನಿನಲ್ಲಿ, "ಮಂದಿ ಮನಿ ಅಂಗಳ ಕಸ ಹೊಡ್ಯಾಕ ಅಷ್ಟು ದೂರ ಹೋಗಿಯೇನ?" ಎಂದಳು. ಪಕ್ಕದ ಊರಲ್ಲಿದ್ದ ಇನ್ನೊಬ್ಬ ಎಕ್ಸ್‌ಚೇಂಜ್ ಹುಡುಗಿ ಒಂದು ವಾರ ಅಂತ ಬಾಜಿ ಕಟ್ಟಿದಳು. ಅವಳಿಂದ ನನಗೆ ಒಂದು ಪಿಜ್ಜಾ ಬರಬೇಕಿತ್ತು, ಬಂತು.

ಆದರೆ ಮೊದಲ ಮೂರು ವಾರ ಬರೀ ಸೋಲು. ದೊಡ್ಡ ತಪ್ಪು ಅಂದರೆ ಬೆಚ್ಚಗೆ ಹೊರಡುವುದು. ಮನೆಯಿಂದಲೇ ಎಲ್ಲ ಹೇರಿಕೊಂಡು ಹೋದರೆ ಹತ್ತು ನಿಮಿಷಕ್ಕೆ ಬೆವರು, ಒಳಬಟ್ಟೆ ಒದ್ದೆ, ಒಂದು ಕ್ಷಣ ನಿಂತರೆ ಮೈಯೆಲ್ಲ ನಡುಕ. ಬಾಗಿಲು ದಾಟುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಆಗಲೇ ಬಟ್ಟೆ ಸರಿಯಾಗಿದೆ ಅಂತ ಲೆಕ್ಕ. ಬೂಟಿನ ಒಳಗಿನ ಫೆಲ್ಟ್ (ಒತ್ತಿದ ಉಣ್ಣೆ) ಚೀಲವನ್ನು ರಾತ್ರಿ ಹೊರಗೆ ತೆಗೆದು ಬಿಸಿಗಾಳಿ ಬರುವ ಜಾಗದಲ್ಲಿ ಇಡಬೇಕು. ಇದನ್ನು ಮರೆತ ದಿನ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಎರಡನೇ ತಪ್ಪು, ರಸ್ತೆಯ ಹಿಮ ತಳ್ಳುವ ಪ್ಲೌ ಲಾರಿ ಬರುವ ಮುಂಚೆಯೇ ಬಾಚಿ ಮುಗಿಸುವುದು. ನೀವು ಕನ್ನಡಿ ಹಾಗೆ ಮಾಡಿಟ್ಟು ಒಳಗೆ ಹೋಗುತ್ತೀರಿ, ಲಾರಿ ರಸ್ತೆಯ ಹಿಮವನ್ನೆಲ್ಲ ತಂದು ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜಿಗೆ ಹೋಗುವ ದಾರಿ) ಬಾಯಿಗೆ ಒಡ್ಡು ಹಾಕಿ ಹೋಗುತ್ತದೆ. ಅದು ಹಿಮವಲ್ಲ, ಕಲ್ಲು. ನನ್ನ ಮೊದಲ ಪ್ಲಾಸ್ಟಿಕ್ ಸಲಿಕೆ ಸೀಳಿದ್ದು ಅಲ್ಲೇ. ಹೊಸದಕ್ಕೆ 28 ಡಾಲರ್. ಆಮೇಲೆ ಲಾರಿಯ ಹೊತ್ತು ಕಲಿತೆ.

ಮೂರನೆಯದು ಎತ್ತುವುದು. ಒಂದು ದಿನ ಫಿಸಿಕ್ಸ್ ಮೇಷ್ಟ್ರ ಜೊತೆ ಲೆಕ್ಕ ಹಾಕಿದೆ. 20 ಅಡಿ ಅಗಲ, 40 ಅಡಿ ಉದ್ದದ ಡ್ರೈವ್‌ವೇ, ಆರು ಇಂಚು ಸಾಧಾರಣ ಹಿಮ: ಒಂದು ಟನ್‌ಗಿಂತ ಜಾಸ್ತಿ. ಅದನ್ನು 46 ಕೆಜಿ ಹುಡುಗಿ ಎತ್ತಿ ಎಸೆಯಲು ಹೋದರೆ ಸೊಂಟ ಉಳಿಯುತ್ತಾ? ತಳ್ಳಬೇಕು, ಎತ್ತಬಾರದು. ತೀರಾ ಚಳಿಯ ಹಿಮ ಚಿರೋಟಿ ರವೆ ಇದ್ದ ಹಾಗೆ, ಆಟ. ಸೊನ್ನೆ ಡಿಗ್ರಿ ಹತ್ತಿರದ್ದು ರುಬ್ಬಿದ ಇಡ್ಲಿ ಹಿಟ್ಟು, ಸಲಿಕೆ ಬಿಟ್ಟು ಹೋಗಲ್ಲ. ಸಲಿಕೆಗೆ ಮೇಣದಬತ್ತಿ ಉಜ್ಜಿದರೆ ಜಾರುತ್ತದೆ. ಇನ್ನೊಂದು, ನವೆಂಬರ್‌ನಲ್ಲೇ ಹಿಮವನ್ನು ಆದಷ್ಟು ದೂರ ತಳ್ಳಿ. ಸೋಮಾರಿತನಕ್ಕೆ ಅಂಚಿನಲ್ಲೇ ಗುಡ್ಡೆ ಹಾಕಿದರೆ ಫೆಬ್ರವರಿಗೆ ಜಾಗವೇ ಇರಲ್ಲ. ನಾನು ಹಾಕಿದ್ದೆ. ಆ ಫೆಬ್ರವರಿಯಲ್ಲಿ ನಮಗಿಂತ ದಕ್ಷಿಣದ ಮಿನಿಯಾಪೊಲಿಸ್ ನಗರದಲ್ಲೇ 39 ಇಂಚು ಬಿದ್ದು ದಾಖಲೆಯಾಯಿತು. ನಮ್ಮ ಕಡೆ ನನ್ನ ಗುಡ್ಡೆ ನನಗಿಂತ ಎತ್ತರ ಬೆಳೆದು, ಹಿಮವನ್ನು ಬಕೆಟ್‌ನಲ್ಲಿ ಹೊತ್ತು ಹಿತ್ತಲಿಗೆ ಸಾಗಿಸಿದೆ.

ಕನ್ನಡಕಕ್ಕೆ ಉಸಿರಿನ ಮಂಜು ಹಿಡಿಯದ ಹಾಗೆ ಸ್ಕಾರ್ಫ್ ಕಟ್ಟುವ ಒಂದು ಬಗೆ ಇದೆ. ಅದು ಅಜ್ಜಿಯದು. ಮುಖಾಮುಖಿ ಸಿಕ್ಕಾಗ ಕೇಳಿ, ಇಲ್ಲಿ ಹೇಳಲ್ಲ.

ದುಡ್ಡಿನ ವಿಷಯ. ಎಕ್ಸ್‌ಚೇಂಜ್ ಮಕ್ಕಳಿಗೆ ಕೊಡುವ ಜೆ-1 ವೀಸಾದಲ್ಲಿ ನೌಕರಿ ಇಲ್ಲ, ಆದರೆ ಅಂಗಳದ ಕೆಲಸ, ಮಗು ನೋಡಿಕೊಳ್ಳುವುದು ಇಂಥದ್ದನ್ನು ಆಗೊಮ್ಮೆ ಈಗೊಮ್ಮೆ ಮಾಡಬಹುದು. ಕೋಆರ್ಡಿನೇಟರ್‌ಗೆ ಮೊದಲೇ ತಿಳಿಸಿದೆ, ನೀವೂ ತಿಳಿಸಿ. ಅಜ್ಜಿಗೆ ಪುಕ್ಕಟೆ, ಅದು ಪೊಟೀಟ್ಸಾ ಲೆಕ್ಕ. ಅಜ್ಜಿಯೇ ಊರಿಗೆಲ್ಲ ಹೇಳಿದರು. ಜನವರಿಗೆ ಇನ್ನೂ ಮೂರು ಮನೆ, ಒಂದೊಂದಕ್ಕೆ 10 ಡಾಲರ್. ಹಿಮ ಬಿದ್ದ ದಿನ ಮಾತ್ರ. ಏಪ್ರಿಲ್‌ವರೆಗೆ ಒಟ್ಟು 500 ಡಾಲರ್ ಮೇಲೆ ಬಂತು, 550 ಇರಬಹುದು. ಆದರೆ ದುಡ್ಡಿಗಿಂತ ದೊಡ್ಡ ಲಾಭ ಮಾತು. ಮೊದಲು ಸ್ಕೂಲಿನಲ್ಲಿ ನಾನು "ಆ ಇಂಡಿಯಾ ಹುಡುಗಿ". ಆಮೇಲೆ "ಸಲಿಕೆ ಹುಡುಗಿ". ಬಸ್ಸಿನ ಡ್ರೈವರ್ ಕೂಡ ಎಷ್ಟು ಇಂಚು ಅಂತ ನನ್ನನ್ನೇ ಕೇಳುತ್ತಿದ್ದರು. ಅವರಿಗೆ ಗೊತ್ತಿಲ್ಲದೆ ಏನು!

ಇನ್ನು ಆ ಜನವರಿ ಕೊನೆಯ ವಾರ. ಧ್ರುವದ ಗಾಳಿ ಇಳಿದು ಬಂದು, 30ನೇ ತಾರೀಖು ನಮ್ಮದೂ ಸೇರಿ ರಾಜ್ಯದ ಎಷ್ಟೋ ಶಾಲೆಗಳಿಗೆ ರಜೆ ಕೊಟ್ಟರು. ಚಳಿಗೆ ರಜೆ! ಅಂಥ ದಿನ ಗಾಳಿ ಸೇರಿದರೆ ತೆರೆದ ಚರ್ಮ ಹೆಪ್ಪುಗಟ್ಟಲು ಐದು ಹತ್ತು ನಿಮಿಷ ಸಾಕು. ಅದರ ಹಿಂದಿನ ದಿನ ನಾನು ಜಂಬಕ್ಕೆ ಹೊರಗೆ ಹೋಗಿ ಕೆನ್ನೆಯ ಮೇಲೆ ರೂಪಾಯಿ ಅಗಲದ ಬಿಳಿ ಮಚ್ಚೆ ಮಾಡಿಕೊಂಡು ಬಂದೆ. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ನಾನು ಉಜ್ಜಲು ಹೋದೆ, ಹೋಸ್ಟ್ ಅಮ್ಮ ಕೈ ಹಿಡಿದು ನಿಲ್ಲಿಸಿ, ತಮ್ಮ ಬೆಚ್ಚನೆ ಅಂಗೈಯನ್ನು ಸುಮ್ಮನೆ ಒತ್ತಿ ಹಿಡಿದರು. ಉಜ್ಜಬಾರದು. ಮೆಲ್ಲಗೆ ಉರಿ ಬಂತು, ಬಣ್ಣವೂ ಬಂತು. ಮಾರನೇ ದಿನ ಸಲಿಕೆ ಮುಟ್ಟಲಿಲ್ಲ. ಹಠಕ್ಕೂ ಒಂದು ಮಿತಿ ಬೇಕಲ್ವಾ?

ರಜೆಯ ದಿನ ಪ್ರಯೋಗಗಳು. ಕುದಿಯುವ ನೀರು ಗಾಳಿಗೆ ಎರಚಿದರೆ ಬುಸ್ ಎಂದು ಮೋಡವಾಗಿ ಹಾರಿ ಹೋಗುತ್ತದೆ, ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಮಾತ್ರ ಮಾಡಬೇಡಿ. ಒದ್ದೆ ಚೂಡಿದಾರ ಪ್ಯಾಂಟನ್ನು ಹೊರಗೆ ಹಿಡಿದರೆ ಸೆಟೆದು ತಾನೇ ನಿಲ್ಲುತ್ತದೆ. ಅದನ್ನು ವರಾಂಡದಲ್ಲಿ ನಿಲ್ಲಿಸಿದ್ದು ನೋಡಿ, ಇಂಥ ಚಳಿಯಲ್ಲಿ ಯಾರದು ಹೊರಗೆ ಅಂತ ಅಜ್ಜಿ ಗಾಬರಿಯಿಂದ ಫೋನು ಮಾಡಿದರು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಅಲ್ಲಿ ಅಕ್ಟೋಬರ್‌ನಿಂದ ಮೇ ತನಕ ಕಲ್ಲು. ಒಮ್ಮೆ ಕರಗಿಸಿ ಹಚ್ಚಿಕೊಂಡು ಹೊರಗೆ ಹೋದೆ, ಜಡೆ ಕೋಲಾಯಿತು.

ಮೊಸರಿನದು ದೊಡ್ಡ ಕತೆ. ನಾಲ್ಕು ಸಲ ಹೆಪ್ಪು ಹಾಕಿದೆ, ನಾಲ್ಕು ಸಲವೂ ಬೆಳಗ್ಗೆ ನೋಡಿದರೆ ತಣ್ಣನೆ ಹಾಲು. ಕಂಬಳಿ ಸುತ್ತಿದೆ, ಆಗಲಿಲ್ಲ. ಕೊನೆಗೆ ಓವನ್ ಹಚ್ಚದೆ ಅದರೊಳಗಿನ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಒಳಗಿಟ್ಟೆ. ಗಟ್ಟಿ ಮೊಸರು. ಆ ದಿನ ಅನ್ನಕ್ಕೆ ಕಲಸಿ ತಿನ್ನುವಾಗ ಸ್ವಲ್ಪ ಅತ್ತೆ. ಹೋಸ್ಟ್ ಅಪ್ಪ ಒಂದು ಚಮಚ ತಿಂದು ಹುಳಿ ಅಂತ ಮುಖ ಕಿವುಚಿದರು. ಮಾರ್ಚ್ ಹೊತ್ತಿಗೆ ಮಧ್ಯಾಹ್ನದ ಡಬ್ಬಿಗೆ ಅದನ್ನೇ ಒಯ್ಯುತ್ತಿದ್ದರು.

ಏಪ್ರಿಲ್‌ನಲ್ಲಿ ಕೊನೆಯ ಸಲ ಹಿಮ ಬಿತ್ತು. ಅಷ್ಟರಲ್ಲಿ ಮ್ಯಾಥ್ಸ್ ಎ ಆಗಿತ್ತು. ಕೋಆರ್ಡಿನೇಟರ್ ಮುಂದಿನ ವರ್ಷದ ಮಕ್ಕಳಿಗೆ ಹೇಳಲು ನನ್ನ ದಿನಚರಿ ಬರೆಸಿಕೊಂಡರು. ಸ್ಕಾರ್ಫಿನ ವಿಷಯ ಅದರಲ್ಲೂ ಬರೆಯಲಿಲ್ಲ. ಸಲಿಕೆಯನ್ನು ಗ್ಯಾರೇಜಿನಲ್ಲಿ ನನ್ನ ನಂತರ ಬರುವ ಹುಡುಗನಿಗೆ ಬಿಟ್ಟೆ, ಹಿಡಿಗೆ ಒಂದು ಚೀಟಿ ಕಟ್ಟಿ: ಮೂಲೆ ಮನೆಯವರಿಂದ ಎರಡು ಸಲದ್ದು 20 ಡಾಲರ್ ಬಾಕಿ ಇದೆ, ವಸೂಲಾದರೆ ನಿನಗೇ. ಡಿಸೆಂಬರ್‌ನಲ್ಲಿ ಅವನ ಮೆಸೇಜು ಬಂತು. ಈಗ ಬಾಕಿ 40 ಅಂತೆ.