ಹೆಸರನ್ನು ಬಿಟ್ಟು ನಂಬರನ್ನು ಹಿಡಿದೆ: ಒಂದು ಕೈಯೂಸ್ ಮನೆತನದ ವಂಶಾವಳಿ ಹುಡುಕಿದ ನನ್ನ ಅನುಭವ

ಅಮೆರಿಕದ ವಾಯವ್ಯ ಭಾಗದ ಮೂಲನಿವಾಸಿ ಬುಡಕಟ್ಟಾದ ಕೈಯೂಸರ ಮನೆತನವೊಂದರ ವಂಶವೃಕ್ಷವನ್ನು 1885ಕ್ಕಿಂತ ಹಿಂದಕ್ಕೆ ಒಯ್ಯುವುದು ಆಗದ ಮಾತು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿಯಾದ ಯೂಮಟಿಲ್ಲಾ ಏಜೆನ್ಸಿಯ ವಾರ್ಷಿಕ ಗಣತಿ ಪಟ್ಟಿಗಳು ಶುರುವಾಗುವುದೇ ಆ ಹೊತ್ತಿಗೆ. ಅದಕ್ಕೂ ಹಿಂದಿನದೆಲ್ಲ ಪಾದ್ರಿಗಳ ದಿನಚರಿ, ಸೇನೆಯ ಕಾಗದ ಮತ್ತು ಬಾಯಿಮಾತು, ಅವುಗಳಲ್ಲಿ ಮುಖ್ಯಸ್ಥರ ಹೆಸರು ಸಿಕ್ಕೀತೇ ಹೊರತು ಸಾಧಾರಣ ಮನೆಯ ಹೆಂಗಸರು ಮಕ್ಕಳ ಹೆಸರು ಸಿಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಆ ಮನೆತನವನ್ನು ಈಗ 1840ರ ದಶಕದಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರವರೆಗೆ, ಪ್ರತಿ ಕೊಂಡಿಗೂ ಕಾಗದದ ಆಧಾರ ಇಟ್ಟು, ತಲುಪಿಸಿದ್ದೇನೆ. ಕುಟುಂಬದವರ ಕೋರಿಕೆಯಂತೆ ಅವರ ಹೆಸರನ್ನಾಗಲಿ ಅಲಾಟ್‌ಮೆಂಟ್ ನಂಬರನ್ನಾಗಲಿ (ಸರ್ಕಾರ ಒಬ್ಬೊಬ್ಬರ ಹೆಸರಿಗೆ ಹಂಚಿದ ಜಮೀನಿನ ಸಂಖ್ಯೆ) ಇಲ್ಲಿ ಬರೆಯುವುದಿಲ್ಲ.

ನಾನು ಕರ್ನಾಟಕದ ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತನಾದವನು. ಮಗಳು ಇರುವುದು ವಾಷಿಂಗ್‌ಟನ್ ರಾಜ್ಯದ ರಿಚ್‌ಲ್ಯಾಂಡ್‌ನಲ್ಲಿ. ಅಲ್ಲಿಂದ ಆರೆಗಾನ್‌ನ ಪೆಂಡಲ್ಟನ್ ಪಕ್ಕದ ಯೂಮಟಿಲ್ಲಾ ರಿಸರ್ವೇಷನ್ನಿಗೆ (ಬುಡಕಟ್ಟುಗಳಿಗೆಂದು ಕಾದಿರಿಸಿದ ಪ್ರದೇಶ) ಕಾರಿನಲ್ಲಿ ಒಂದೂಕಾಲು ಗಂಟೆಯ ಹಾದಿ ಇರಬಹುದು. ಮಗಳ ಸಹೋದ್ಯೋಗಿಯೊಬ್ಬರ ಅಜ್ಜಿಗೆ ತನ್ನ ತಾಯಿಯ ಕಡೆಯವರು ಕೈಯೂಸ್ ಎಂಬುದು ಗೊತ್ತಿತ್ತು, ಮುತ್ತಜ್ಜಿಯ ಆಚೆಗೆ ಏನೂ ಗೊತ್ತಿರಲಿಲ್ಲ. ಈ ಕೆಲಸ ಹಿಡಿದಾಗ ಮಗಳೇ, "ಅಪ್ಪಾ, ನಿಮ್ಮ ಪಹಣಿ ಬುದ್ಧಿ ಇಲ್ಲಿ ನಡೆಯೋದಿಲ್ಲ" ಎಂದಿದ್ದಳು. ಕೊನೆಗೆ ನಡೆದದ್ದು ಆ ಬುದ್ಧಿಯೇ.

ಮೊದಲು ನಡೆಯದ ಹಾದಿಗಳನ್ನು ಹೇಳುತ್ತೇನೆ, ಏಕೆಂದರೆ ದುಡ್ಡು ಹೋದದ್ದು ಅಲ್ಲಿಯೇ. ಹೆಸರಿನ ಹುಡುಕಾಟದಲ್ಲಿ ಒಂದಿಡೀ ಚಳಿಗಾಲ ಕಳೆಯಿತು. ಆ ಗಣತಿ ಪಟ್ಟಿಗಳಿರುವ ಎಂ 595 ಮೈಕ್ರೋಫಿಲ್ಮ್ ಸರಣಿಯನ್ನು ನೋಡಿದವರಿಗೆಲ್ಲ ಈ ಕಾಟ ಗೊತ್ತು: ಒಬ್ಬಳೇ ಹೆಂಗಸು ಹತ್ತು ವರ್ಷದೊಳಗೆ ನಾಲ್ಕು ಕಾಗುಣಿತಗಳಲ್ಲಿ ಕಾಣಿಸಿಕೊಳ್ಳುತ್ತಾಳೆ, ಆಮೇಲೆ ಮೂಲನಿವಾಸಿ ಹೆಸರು ಮಾಯವಾಗಿ ಗಂಡನ ಇಂಗ್ಲಿಷ್ ಹೆಸರೇ ಮನೆತನದ ಹೆಸರಾಗುತ್ತದೆ, ಗಂಡ ಸತ್ತು ಮರುಮದುವೆಯಾದರೆ ಅದೂ ಬದಲಾಗುತ್ತದೆ. ಹೆಸರಿನ ಧಾಟಿ ನೋಡಿ ಜನಾಂಗವನ್ನು ಊಹಿಸುವ ಹಾಗೂ ಇಲ್ಲ, ಹತ್ತೊಂಬತ್ತನೆಯ ಶತಮಾನದಲ್ಲೇ ಕೈಯೂಸ್ ಜನ ತಮ್ಮ ಸ್ವಂತ ಭಾಷೆಯನ್ನು ಬಿಟ್ಟು ನೆರೆಯ ನೆಜ್ ಪರ್ಸ್ ಬುಡಕಟ್ಟಿನ ಭಾಷೆಗೆ ಹೊರಳಿದ್ದರು. ಪಟ್ಟಿಯಲ್ಲಿ ಅಲ್ಲಿನ ಕೈಯೂಸ್, ಯೂಮಟಿಲ್ಲಾ, ವಾಲಾ ವಾಲಾ ಬುಡಕಟ್ಟುಗಳಿಗೆ ಬೇರೆ ಬೇರೆ ಭಾಗಗಳಿದ್ದರೂ ಒಂದು ವರ್ಷ ಕೈಯೂಸ್ ಭಾಗದಲ್ಲಿದ್ದವರು ಮುಂದೆ ವಾಲಾ ವಾಲಾ ಭಾಗದಲ್ಲಿ ಸಿಗುತ್ತಾರೆ. ವಯಸ್ಸಂತೂ ಗುಮಾಸ್ತನ ಮರ್ಜಿ; ಹಳೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಎಲ್ಲರಿಗೂ ಒಂದೊಂದು ವರ್ಷ ಕೂಡಿಸಿದ ಪುಟಗಳನ್ನು ಕಂಡಿದ್ದೇನೆ.

ಬೇಸತ್ತು ಒಬ್ಬ ವೃತ್ತಿಪರ ಸಂಶೋಧಕರಿಗೆ ಆರುನೂರು ಡಾಲರಿನಷ್ಟು ಕೊಟ್ಟೆವು. ಬಂದ ಕಡತ ದಪ್ಪವಾಗಿಯೇ ಇತ್ತು. 1836ರಲ್ಲಿ ವಿಟ್‌ಮನ್ ಎಂಬ ಮಿಷನರಿ ದಂಪತಿ ಕೈಯೂಸ್ ನೆಲದ ವೈಲಾಟ್ಪುವಿನಲ್ಲಿ ಮಿಷನ್ ಕಟ್ಟಿದ್ದು, 1847ರಲ್ಲಿ ವಲಸೆಗಾರರ ಜೊತೆ ದಡಾರ ಬಂದು ಕೈಯೂಸ್ ಮಕ್ಕಳು ಸಾಲುಸಾಲಾಗಿ ಸತ್ತದ್ದು, ಅದೇ ನವೆಂಬರ್ 29ರಂದು ಕೈಯೂಸರು ಶುರುಮಾಡಿದ ದಾಳಿಯಲ್ಲಿ ವಿಟ್‌ಮನ್ ದಂಪತಿಯೂ ಸೇರಿ ಹದಿಮೂರು ಜನ ಹತರಾದದ್ದು, 1850ರ ಜೂನ್ 3ರಂದು ಆರೆಗಾನ್ ಸಿಟಿಯಲ್ಲಿ ಅದಕ್ಕಾಗಿ ಐವರು ಕೈಯೂಸರನ್ನು ಗಲ್ಲಿಗೇರಿಸಿದ್ದು, ಎಲ್ಲವೂ ಇತ್ತು. ಊರಿನ ಲೈಬ್ರರಿಯಲ್ಲಿ ಪುಕ್ಕಟೆ ಸಿಗುವ ವಿಷಯ ಅದು. ನಮ್ಮ ಅಜ್ಜಿಯ ಮನೆತನದ ಬಗ್ಗೆ ಇದ್ದದ್ದು ಎರಡು ಪುಟ, ಅದೂ ನಾವೇ ಬರೆದುಕೊಟ್ಟದ್ದರ ನಕಲು. ಡಿಎನ್‌ಎ ಪರೀಕ್ಷೆಗೆ ಇನ್ನೊಂದು ನೂರು ಡಾಲರ್ ಹೋಯಿತು. ಅದು ಅಮೆರಿಕದ ಮೂಲನಿವಾಸಿ ಎಂಬಷ್ಟನ್ನು ಹೇಳಿ ಸುಮ್ಮನಾಯಿತು, ಕೈಯೂಸೋ ನೆಜ್ ಪರ್ಸೋ ಎಂಬುದನ್ನು ಬಿಡಿಸಿ ಹೇಳಲು ಅದರಿಂದ ಆಗಲಿಲ್ಲ.

ಆಗ ನಾನು ಹೆಸರನ್ನು ಪೂರ್ತಿ ಬಿಟ್ಟೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಯಾರದೋ ಮುತ್ತಜ್ಜನನ್ನು ಹುಡುಕಬೇಕಾದರೆ ಅನುಭವವುಳ್ಳ ಗುಮಾಸ್ತ ಹೆಸರು ಕೇಳುವುದಿಲ್ಲ, ಸರ್ವೆ ನಂಬರು ಕೇಳುತ್ತಾನೆ. ಪೌತಿ ಖಾತೆಯಾದಾಗ ಯಾರ ಹೆಸರು ಹೋಯಿತು, ಯಾರ ಹೆಸರು ಬಂತು ಎಂದು ಮ್ಯುಟೇಷನ್ ಪುಸ್ತಕವನ್ನು ಹಿಂದಕ್ಕೆ ತಿರುವುತ್ತಾನೆ. ಯೂಮಟಿಲ್ಲಾದಲ್ಲಿ ಸರ್ವೆ ನಂಬರಿನ ಜಾಗದಲ್ಲಿ ಇರುವುದು ಅಲಾಟ್‌ಮೆಂಟ್ ನಂಬರು. 1930ರ ದಶಕದ ಗಣತಿ ಪಟ್ಟಿಗಳಲ್ಲಿ ಅದಕ್ಕೆಂದೇ ಒಂದು ಅಂಕಣವಿದೆ. ಅದಕ್ಕೂ ಹಿಂದಿನ ಎಷ್ಟೋ ಪಟ್ಟಿಗಳಲ್ಲಿ ಒಬ್ಬೊಬ್ಬರಿಗೂ ಎರಡೆರಡು ಕ್ರಮಸಂಖ್ಯೆಗಳಿವೆ, ಹೋದ ಪಟ್ಟಿಯದೊಂದು, ಈ ಪಟ್ಟಿಯದೊಂದು. ಈ ಎರಡನ್ನು ಸರಪಳಿಯಂತೆ ಕೊಂಡಿ ಹಾಕುತ್ತಾ ಹಿಂದಕ್ಕೆ ಹೋದರೆ ಹೆಸರು ಏನೇ ಆಗಿರಲಿ, ಮನುಷ್ಯ ಕೈತಪ್ಪುವುದಿಲ್ಲ. ನಾನು ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಇಳಿಸಿ ಹೆಸರಿನ ಅಂಕಣವನ್ನು ಮರೆಮಾಡಿ ಕೆಲಸ ಮಾಡಿದೆ. ನಾಲ್ಕು ಕಾಗುಣಿತಗಳ ಆ ಹೆಂಗಸು ಒಬ್ಬಳೇ ಎಂಬುದು ಒಂದು ಸಂಜೆಯೊಳಗೆ ಖಚಿತವಾಯಿತು.

ಜಮೀನಿನ ವಿಸ್ತೀರ್ಣವೂ ಮಾತನಾಡುತ್ತದೆ ಎಂಬುದನ್ನು ಈ ಕೆಲಸ ಮಾಡುವವರಲ್ಲಿ ಅನೇಕರು ಗಮನಿಸುವುದಿಲ್ಲ. ಬೇರೆ ಎಷ್ಟೋ ರಿಸರ್ವೇಷನ್ನುಗಳಲ್ಲಿ ಬುಡಕಟ್ಟಿನ ಭೂಮಿಯನ್ನು ಒಬ್ಬೊಬ್ಬರಿಗೆ ಹಂಚಿದ್ದು 1887ರ ಡಾಸ್ ಕಾಯಿದೆಯಡಿ. ಯೂಮಟಿಲ್ಲಾಕ್ಕೆ ಅದಕ್ಕೂ ಮೊದಲೇ, 1885ರಲ್ಲಿ, ಪ್ರತ್ಯೇಕ ಕಾಯಿದೆ ಬಂದಿತ್ತು. ಕುಟುಂಬದ ಯಜಮಾನನಿಗೆ 160 ಎಕರೆ, ಹದಿನೆಂಟು ದಾಟಿದ ಒಂಟಿ ವ್ಯಕ್ತಿಗೆ 80, ತಬ್ಬಲಿ ಮಗುವಿಗೆ 80, ಉಳಿದ ಮಕ್ಕಳಿಗೆ 40. ನಮ್ಮ ಹುಡುಕಾಟದಲ್ಲಿ ಹನ್ನೊಂದು ವರ್ಷದವಳೆಂದು ಬರೆದಿದ್ದ ಹುಡುಗಿಯೊಬ್ಬಳಿಗೆ 80 ಎಕರೆ ಸಿಕ್ಕಿತ್ತು. ಅಂದಮೇಲೆ ಅವಳು ತಬ್ಬಲಿ. ಪಟ್ಟಿಯಲ್ಲಿ ಅವಳ ಮೇಲಿನ ಸಾಲುಗಳಲ್ಲಿರುವ ದಂಪತಿ ಹೆತ್ತವರಲ್ಲ, ಸಾಕಿದವರು. ಅಂತರ್ಜಾಲದಲ್ಲಿ ಓಡಾಡುತ್ತಿರುವ ಎರಡು ಮೂರು ವಂಶವೃಕ್ಷಗಳಲ್ಲಿ ಅವಳನ್ನು ಆ ದಂಪತಿಯ ಮಗಳೆಂದೇ ತೋರಿಸಿದ್ದಾರೆ. ಅಲ್ಲಿಂದಾಚೆಗೆ ಅವರು ಕಟ್ಟಿದ ಮರವೆಲ್ಲ ಬೇರೆ ಮನೆಯದು.

ತಬ್ಬಲಿಯ ಹೆತ್ತವರನ್ನು ಹುಡುಕಿಕೊಟ್ಟದ್ದು ವಾರಸುದಾರಿಕೆಯ ಕಡತ. 1910ರ ಕಾಯಿದೆಯ ನಂತರ, ಅಲಾಟ್‌ಮೆಂಟ್ ಪಡೆದವರು ಉಯಿಲು ಬರೆಯದೆ ಸತ್ತರೆ ವಾರಸುದಾರರು ಯಾರೆಂದು ತೀರ್ಮಾನಿಸುವ ಅಧಿಕಾರ ಒಳಾಡಳಿತ ಕಾರ್ಯದರ್ಶಿಗೆ ಬಂತು, ಅದಕ್ಕಾಗಿ ಸ್ಥಳದಲ್ಲೇ ವಿಚಾರಣೆ ನಡೆಯತೊಡಗಿತು. ಸತ್ತವನ ತಂದೆ ಯಾರು, ತಾಯಿ ಯಾರು, ಎಷ್ಟು ಮದುವೆ, ಎಷ್ಟು ಮಕ್ಕಳು, ಯಾರು ಮೊದಲು ಸತ್ತರು ಎಂದು ದುಭಾಷಿಯ ಮೂಲಕ ಮುದುಕರನ್ನು ಕೇಳಿ ಟೈಪು ಮಾಡಿದ ಹಾಳೆಗಳವು. 1912ರ ಸುಮಾರಿನಲ್ಲಿ ಸಾಕ್ಷಿ ಹೇಳಿದ ಎಪ್ಪತ್ತರ ಮುದುಕಿ ಹುಟ್ಟಿದ್ದು 1840ರ ಆಸುಪಾಸಿನಲ್ಲಿ. ಗಣತಿ ಪಟ್ಟಿಗೆ ದಾಟಲಾಗದ ಕಂದಕವನ್ನು ಅವಳ ನೆನಪು ದಾಟಿಬಿಡುತ್ತದೆ. ನಮ್ಮ ಕಡತದ ಸಾಕ್ಷಿ ಆ ತಬ್ಬಲಿ ಹುಡುಗಿಯ ದೊಡ್ಡಮ್ಮ. ಆಕೆ ತನ್ನ ಒಡಹುಟ್ಟಿದವರನ್ನು ಹೆಸರು ಹಿಡಿದು ಹೇಳಿದ್ದಾಳೆ. ದಡಾರದ ವರ್ಷದಲ್ಲಿ ಸತ್ತವರನ್ನೂ ಬಿಟ್ಟಿಲ್ಲ. ಅಧಿಕಾರಿಗೆ ಆಸ್ತಿಯ ಮಟ್ಟಿಗೆ ಅವರು ಬೇಕಾಗಿರಲಿಲ್ಲ, ಮಕ್ಕಳಿಲ್ಲದೆ ಸತ್ತವರೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾನೆ. ನನಗೆ ಆ ಒಂದು ಸಾಲು ಇಡೀ ವರ್ಷದ ಕೂಲಿ.

ಈ ಕಡತ ಸಿಕ್ಕಿದ್ದು ಸಿಯಾಟಲ್‌ನ ರಾಷ್ಟ್ರೀಯ ದಾಖಲೆಗಾರದಲ್ಲಿ, ಮೂಲನಿವಾಸಿಗಳ ವ್ಯವಹಾರ ನೋಡುವ ಇಲಾಖೆಯ ದಾಖಲೆಗಳಾದ ರೆಕಾರ್ಡ್ ಗ್ರೂಪ್ 75ರ ಯೂಮಟಿಲ್ಲಾ ಏಜೆನ್ಸಿ ಪೆಟ್ಟಿಗೆಗಳಲ್ಲಿ. ಆ ಕಟ್ಟಡವನ್ನು ಮಾರಿ ದಾಖಲೆಗಳನ್ನು ದೂರಕ್ಕೆ ಸಾಗಿಸುವ ಹುನ್ನಾರವೊಂದು ನಡೆದು, ಬುಡಕಟ್ಟುಗಳೂ ರಾಜ್ಯ ಸರ್ಕಾರವೂ ನ್ಯಾಯಾಲಯಕ್ಕೆ ಹೋಗಿ 2021ರಲ್ಲಿ ಅದನ್ನು ನಿಲ್ಲಿಸಿದ್ದು ಬಲ್ಲವರಿಗೆ ನೆನಪಿರಬೇಕು. ಇಲ್ಲದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಇಲ್ಲಿ ಕಾಣದ ಕಡತಗಳ ಇನ್ನೊಂದು ಪ್ರತಿ ವಾಷಿಂಗ್‌ಟನ್ ಡಿ.ಸಿ.ಯ ಕೇಂದ್ರ ಕಡತಗಳಲ್ಲಿ ಇರುವ ಸಾಧ್ಯತೆ ಉಂಟು, ಅಂತಿಮ ಆದೇಶ ಹೊರಡುತ್ತಿದ್ದುದು ಅಲ್ಲಿಂದಲೇ. ಕೋರಿಕೆ ಚೀಟಿಯಲ್ಲಿ ಏನು ಬರೆದರೆ ಸರಿಯಾದ ಪೆಟ್ಟಿಗೆ ಬೇಗ ಬರುತ್ತದೆ ಎಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಕೊನೆಯ ಹೆಜ್ಜೆ ಕ್ಯಾಥೊಲಿಕ್ ಜ್ಞಾನಸ್ನಾನದ ಪುಸ್ತಕಗಳು. ಫ್ರೆಂಚ್ ಕೈಬರಹವನ್ನು ಓದುವ ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ಪಾದ್ರಿಯ ವಾಕ್ಯಗಳನ್ನು ಅದು ಚೆನ್ನಾಗಿಯೇ ಓದಿತು, ಕೈಯೂಸ್ ಹೆಸರುಗಳು ಬಂದಲ್ಲೆಲ್ಲ ಫ್ರೆಂಚ್ ಪದಗಳನ್ನು ತಾನೇ ಕಟ್ಟಿ ತುಂಬಿಸಿತು. ಹಾಗಾಗಿ ಕಣ್ಣಿನಿಂದಲೇ ಓದಬೇಕಾಯಿತು. ಇಲ್ಲಿಯೂ ಮಗುವಿನ ಹೆಸರಿಗಿಂತ ಸಾಕ್ಷಿಗಳಾಗಿ ನಿಂತ ಧರ್ಮತಂದೆ, ಧರ್ಮತಾಯಿಯರನ್ನು ಹಿಡಿದೆ. ಅವರು ಹೆಚ್ಚಾಗಿ ವಾಲಾ ವಾಲಾ ಹತ್ತಿರದ ಫ್ರೆಂಚ್‌ಟೌನ್‌ನ ಕೆನಡಿಯನ್ ಮನೆತನಗಳವರು, ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಹಳೆಯ ಆಳುಗಳು, ಅವರ ಹೆಂಡತಿಯರಲ್ಲಿ ಅನೇಕರು ಅದೇ ಊರಿನ ಬುಡಕಟ್ಟುಗಳ ಹೆಣ್ಣುಮಕ್ಕಳು. ಅವರಲ್ಲಿ ಯಾರು ಯಾರಿಗೆ ಚಿಕ್ಕಮ್ಮ, ಯಾರು ನಾದಿನಿ ಎಂಬ ಹಾಳೆಯೊಂದನ್ನು ಸಿದ್ಧಪಡಿಸಿದ ಮೇಲೆ ದೊಡ್ಡಮ್ಮನ ಸಾಕ್ಷ್ಯವೂ ಪುಸ್ತಕದ ದಾಖಲೆಯೂ ಒಂದಕ್ಕೊಂದು ಕೂತುಕೊಂಡವು. ಆ ಹಾಳೆ ನನ್ನ ಸ್ವಂತ ಬೆವರಿನ ಫಲ, ಅದನ್ನು ಸದ್ಯಕ್ಕೆ ಹಂಚುವುದಿಲ್ಲ.

ನಡುವೆ ಛಾಯಾಚಿತ್ರಗಳ ಹುಚ್ಚೂ ಹಿಡಿದಿತ್ತು. ಒಂದು ಕಾಲಕ್ಕೆ ಯೂಮಟಿಲ್ಲಾದ ಏಜೆಂಟನಾಗಿದ್ದ ಲೀ ಮೂರ್‌ಹೌಸ್ ತೆಗೆದ ಚಿತ್ರಗಳು ಸಾವಿರಗಟ್ಟಲೆ ಇವೆ. ಮುಖದ ಹೋಲಿಕೆ ಹುಡುಕುವ ತಂತ್ರಾಂಶದಲ್ಲಿ ಅಜ್ಜಿಯ ಹಳೆಯ ಫೋಟೋ ಹಾಕಿದರೆ ಅದು ಪೆಂಡಲ್ಟನ್‌ನ ಅರ್ಧ ಊರನ್ನೇ ನೆಂಟರನ್ನಾಗಿ ಮಾಡಿತು. ಮಣಿಕೆಲಸದ ಚೀಲ, ಉಡುಪು ನೋಡಿ ಗುರುತಿಸುವುದೂ ಸಲ್ಲದು. ಮೂರ್‌ಹೌಸ್ ತನ್ನ ಬಳಿಯಿದ್ದ ಉಡುಪುಗಳನ್ನೇ ಬೇರೆ ಬೇರೆಯವರಿಗೆ ತೊಡಿಸುತ್ತಿದ್ದ.

ಒಟ್ಟು ಖರ್ಚು ಎರಡು ಸಾವಿರ ಡಾಲರಿನ ಒಳಗೇ ಇರಬೇಕು. ಅದರಲ್ಲಿ ಅರ್ಧದಷ್ಟು ಆ ದಪ್ಪ ಕಡತಕ್ಕೆ, ಡಿಎನ್‌ಎಗೆ ಮತ್ತು ನಿಲ್ಲಿಸಲು ಮರೆಯುವಂತೆಯೇ ಮಾಡಿಟ್ಟಿರುವ ಮಾಸಿಕ ಚಂದಾಗಳಿಗೆ ಹೋಯಿತು. ಫಲ ಕೊಟ್ಟ ಭಾಗಕ್ಕೆ ತಗುಲಿದ್ದು ಸಿಯಾಟಲ್‌ಗೆ ಹೋಗಿಬರುವ ಪೆಟ್ರೋಲು, ಅಲ್ಲಿನ ರಾತ್ರಿ ವಾಸ್ತವ್ಯ, ಅಷ್ಟೇ. ಓದುವ ಕೋಣೆಯಲ್ಲಿ ಫ್ಲ್ಯಾಶ್ ಇಲ್ಲದೆ ಫೋನಿನಲ್ಲಿ ಚಿತ್ರ ತೆಗೆಯಲು ಬಿಡುತ್ತಾರೆ, ನಕಲಿಗೆ ಬಿಡಿಗಾಸು ಬೇಕಿಲ್ಲ.

ಕುಟುಂಬದ ಒಬ್ಬ ಯುವಕನಿಗೆ, ಗಲ್ಲಿಗೇರಿದ ಐವರಲ್ಲಿ ಒಬ್ಬನಾದ ಕೈಯೂಸ್ ಮುಖ್ಯಸ್ಥ ಟಿಲೌಕೈಕ್ಟ್ ತಮ್ಮ ಪೂರ್ವಜನೆಂದು ಕಾಣಿಸಿಕೊಡಬೇಕೆಂಬ ಆಸೆಯಿತ್ತು. ನಾನು ಒಪ್ಪಲಿಲ್ಲ. ಸಾಕ್ಷ್ಯದಲ್ಲಿ ಅಂಥದೊಂದು ಸೂಚನೆಯೂ ಇಲ್ಲ, ಆ ಐವರನ್ನು ಎಲ್ಲಿ ಹೂಳಿದರೆಂಬುದನ್ನು ಬುಡಕಟ್ಟಿನವರು ಇಂದಿಗೂ ಹುಡುಕುತ್ತಿರುವಾಗ ನನ್ನಂಥ ಹೊರಗಿನವನು ಗೀಟು ಎಳೆದು ಸಂಬಂಧ ಕಟ್ಟುವುದು ತರವಲ್ಲ. ಸದಸ್ಯತ್ವದ ವಿಷಯವೂ ಹಾಗೆಯೇ: ಅದನ್ನು ತೀರ್ಮಾನಿಸುವುದು ಬುಡಕಟ್ಟಿನ ಕಚೇರಿ, ನನ್ನ ಎಕ್ಸೆಲ್ ಹಾಳೆಯಲ್ಲ.

ಈಗ ಆ ಇಬ್ಬರು ಅಕ್ಕತಂಗಿಯರಲ್ಲಿ ಇನ್ನೊಬ್ಬಳ ಕವಲನ್ನು ಹಿಡಿದಿದ್ದೇನೆ. ಆಕೆಯ ಮಗ ಅಮೆರಿಕದ ಸೇನೆಗೂ ನೆಜ್ ಪರ್ಸರಿಗೂ ನಡೆದ 1877ರ ಯುದ್ಧದಲ್ಲಿ ನೆಜ್ ಪರ್ಸ್ ನೆಂಟರ ಜೊತೆ ಹೋದವನು. ಇಂಡಿಯನ್ ಟೆರಿಟರಿಯ (ಇಂದಿನ ಓಕ್ಲಹೋಮ) ಗಡೀಪಾರಿನಿಂದ 1885ರಲ್ಲಿ ಮರಳಿದವರಲ್ಲಿ ಒಂದು ಪಾಲು ಐಡಾಹೋದ ಲ್ಯಾಪ್ವೈಗೆ ಹೋಯಿತು, ನೆಜ್ ಪರ್ಸ್ ಮುಖ್ಯಸ್ಥ ಜೋಸೆಫನ ಜೊತೆಗಿದ್ದ ಇನ್ನೊಂದು ಪಾಲು ವಾಷಿಂಗ್‌ಟನ್ ರಾಜ್ಯದ ಕಾಲ್ವಿಲ್‌ಗೆ. ನಮ್ಮವನು ಲ್ಯಾಪ್ವೈ ಪಟ್ಟಿಯಲ್ಲಿ ಇಲ್ಲ. ಕಾಲ್ವಿಲ್ ಪಟ್ಟಿಯಲ್ಲಿ ವಯಸ್ಸು ಹೊಂದುವ ಇಬ್ಬರಿದ್ದಾರೆ, ಇಬ್ಬರ ಅಲಾಟ್‌ಮೆಂಟ್ ನಂಬರನ್ನೂ ಬರೆದು ಕಡತಕ್ಕೆ ಕೋರಿಕೆ ಕಳಿಸಿದ್ದಾಗಿದೆ.