ದೊಡ್ಡ ಬಾಸ್ ಮೀನಿಗೆ ಸ್ವಿಮ್‌ಬೇಟ್ ಹಾಕುವ ಕ್ರಮ

ಮೃದು ಪ್ಲಾಸ್ಟಿಕ್, ಮರ ಅಥವಾ ಗಟ್ಟಿ ರಾಳದಿಂದ ಮೀನಿನ ರೂಪದಲ್ಲಿಯೇ ತಯಾರಿಸಿದ, ಎಳೆದಾಗ ಬಾಲವನ್ನೋ ಇಡೀ ಮೈಯನ್ನೋ ಬಳುಕಿಸುತ್ತ ಈಜುವ ಕೃತಕ ಎರೆಗೆ ಸ್ವಿಮ್‌ಬೇಟ್ ಎಂದು ಹೆಸರು. ಮೂರು ಇಂಚಿನ ಸ್ವಿಮ್‌ಬೇಟ್‌ಗಳೂ ಇವೆಯಾದರೂ, ಇಲ್ಲಿ ಹೇಳಹೊರಟಿರುವುದು ಆರರಿಂದ ಹತ್ತು ಇಂಚು ಉದ್ದದ, ಸಾಧಾರಣ ಗಾಳದ ಕೋಲಿನಿಂದ ಎಸೆಯಲು ಆಗದಷ್ಟು ಭಾರದವುಗಳ ಕುರಿತು. ಈ ಪದ್ಧತಿ ಬೆಳೆದದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಜಲಾಶಯಗಳಲ್ಲಿ. ಗಾಳ ಹಾಕುವವರಿಗೆಂದು ಚಳಿಗಾಲದಲ್ಲಿ ಬಿಡುತ್ತಿದ್ದ ಸಾಕಿದ ರೇನ್‌ಬೋ ಟ್ರೌಟ್ ಮೀನುಗಳನ್ನು ತಿಂದು, ಅಲ್ಲಿ ನೆಲೆಗೊಂಡಿದ್ದ ಫ್ಲೋರಿಡಾ ತಳಿಯ ಲಾರ್ಜ್‌ಮೌತ್ ಬಾಸ್ (ಬೇರೆ ಮೀನುಗಳನ್ನು ಹಿಡಿದು ತಿನ್ನುವ, ಅಗಲ ಬಾಯಿಯ ಸಿಹಿನೀರಿನ ಮೀನು) ಅಸಾಧಾರಣ ಗಾತ್ರಕ್ಕೆ ಬೆಳೆದವು. 1991ರಲ್ಲಿ ಕ್ಯಾಸ್ಟೇಯಿಕ್ ಜಲಾಶಯದಲ್ಲಿ ಸಿಕ್ಕ ಒಂದು ಬಾಸ್ 22 ಪೌಂಡ್, ಅಂದರೆ ಸುಮಾರು 10 ಕಿಲೋ ತೂಗಿತ್ತು. ಟ್ರೌಟ್ ತಿನ್ನುವ ಮೀನಿಗೆ ಟ್ರೌಟಿನಂತೆಯೇ ಕಾಣುವ ಎರೆ ಬೇಕೆಂಬ ಸರಳ ತರ್ಕದಿಂದ ಅಲ್ಲಿನವರು ಮೊದಲು ಮರದಲ್ಲಿ, ಆಮೇಲೆ ಮೃದು ಪ್ಲಾಸ್ಟಿಕ್‌ನಲ್ಲಿ ದೊಡ್ಡ ಎರೆಗಳನ್ನು ರೂಪಿಸಿಕೊಂಡರು.

ದೊಡ್ಡ ಬಾಸ್ ಬಹುಮಟ್ಟಿಗೆ ಹೆಣ್ಣು ಮೀನೇ ಆಗಿರುತ್ತದೆ. ಮೈ ಬೆಳೆದಂತೆ ಅದು ಸಣ್ಣಪುಟ್ಟ ಆಹಾರದ ಬೆನ್ನು ಹತ್ತಿ ಶಕ್ತಿ ಕಳೆದುಕೊಳ್ಳುವ ಬದಲು, ಒಂದೆಡೆ ಹೊಂಚು ಹಾಕಿ ಒಂದೇ ತುತ್ತಿಗೆ ಹೊಟ್ಟೆ ತುಂಬುವ ಮೀನನ್ನು ಹಿಡಿಯುವುದನ್ನು ರೂಢಿಸಿಕೊಳ್ಳುತ್ತದೆ. ಬಾಯಿಯನ್ನು ಥಟ್ಟನೆ ಅಗಲಿಸಿದಾಗ ಉಂಟಾಗುವ ಸೆಳೆತದಿಂದ ನೀರಿನೊಂದಿಗೆ ಆಹಾರವೂ ಒಳಗೆ ನುಗ್ಗುತ್ತದೆ. ಆದ್ದರಿಂದ ಆಹಾರದ ಉದ್ದಕ್ಕಿಂತ ಅದರ ಮೈಯ ಎತ್ತರವೇ ಅದಕ್ಕೆ ಮುಖ್ಯವಾದ ಮಿತಿ. ಎಂಟು ಇಂಚಿನ ಸಪೂರ ಟ್ರೌಟ್ ಸುಲಭವಾಗಿ ಇಳಿಯುತ್ತದೆ, ಅಷ್ಟೇ ಉದ್ದದ ಚಪ್ಪಟೆ ಬ್ಲೂಗಿಲ್ ಇಳಿಯುವುದು ಕಷ್ಟ. ಬ್ಲೂಗಿಲ್ ಆಕಾರದ ಎರೆ ಐದಾರು ಇಂಚಿದ್ದರೂ ಸಾಕಾಗುವುದಕ್ಕೆ ಇದೇ ಕಾರಣ. ದೊಡ್ಡ ಎರೆ ಹಾಕಿದರೆ ದೊಡ್ಡ ಮೀನು ಮಾತ್ರ ಬರುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಕಿಲ್ಲ. ತನ್ನ ಅರ್ಧದಷ್ಟು ಉದ್ದದ ಎರೆಯ ಮೇಲೆ ಹಾರುವ ಪುಂಡ ಮರಿಗಳೂ ಇರುತ್ತವೆ.

ಹಾಗಾಗಿ ಎರೆ ಕೊಳ್ಳುವ ಮೊದಲು, ನೀವು ಗಾಳ ಹಾಕುವ ನೀರಿನಲ್ಲಿ ಬಾಸ್ ಏನನ್ನು ತಿನ್ನುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಟ್ರೌಟ್ ಇಲ್ಲದ ಕೆರೆಯಲ್ಲಿ ಶ್ಯಾಡ್, ಬ್ಲೂಗಿಲ್, ಎಳೆಯ ಕಾರ್ಪ್‌ನಂತಹ ಬೇರೆ ಮೀನುಗಳಿರಬಹುದು. ಎರೆಯ ಬಣ್ಣ ತೀರಾ ನಿಖರವಾಗಿರದಿದ್ದರೂ ನಡೆಯುತ್ತದೆ, ಆದರೆ ಅದರ ಆಕಾರವೂ ಅದು ಈಜುವ ಆಳವೂ ಆ ಮೀನಿಗೆ ಹೊಂದಬೇಕು. ಕಾಲದ ದೃಷ್ಟಿಯಿಂದ ಹೇಳುವುದಾದರೆ, ನೀರಿನ ಉಷ್ಣಾಂಶ 10ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಏರುವ, ಮೊಟ್ಟೆಯಿಡುವ ಮುಂಚಿನ ವಾರಗಳು ಅತ್ಯುತ್ತಮ. ಆಗ ಮೊಟ್ಟೆ ತುಂಬಿದ ಹೆಣ್ಣುಗಳು ಆಳದಿಂದ ದಡದತ್ತ ಬರುತ್ತ, ಮುಳುಗಿದ ದಿಣ್ಣೆಯ ತುದಿ, ಹಳೆಯ ಹಳ್ಳದ ಪಾತ್ರದ ತಿರುವು, ಜಲಸಸ್ಯಗಳ ಹೊರ ಅಂಚು ಮುಂತಾದ ಕಡೆ ತಂಗುತ್ತವೆ. ಆಳದ ನೀರು ದಡಕ್ಕೆ ತೀರ ಹತ್ತಿರ ಬರುವ ಇಂತಹ ಜಾಗಗಳನ್ನು ನಾಲ್ಕೈದು ಗುರುತಿಸಿಟ್ಟುಕೊಂಡು, ಬೆಳಕು ಬದಲಾದಾಗ, ಗಾಳಿ ಎದ್ದಾಗ ಅವುಗಳಿಗೇ ಮರಳಿ ಹೋಗುವುದು ಹೊಸ ಜಾಗ ಹುಡುಕುತ್ತ ಅಲೆಯುವುದಕ್ಕಿಂತ ಲೇಸು.

ಎರೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೈಯೆಲ್ಲ ಮೃದುವಾಗಿದ್ದು ಬಾಲ ಮಾತ್ರ ಅಲುಗುವವು ಒಂದು ಬಗೆ; ಒಂದೇ ಕೀಲಿದ್ದು ಎಡಕ್ಕೂ ಬಲಕ್ಕೂ ಅಗಲವಾಗಿ ಜಾರುವ ಗಟ್ಟಿ ಗ್ಲೈಡ್ ಬೇಟ್‌ಗಳು ಇನ್ನೊಂದು; ಹಲವು ಕೀಲುಗಳಿದ್ದು ಹಾವಿನಂತೆ ಬಳುಕುವವು ಮತ್ತೊಂದು. ಮೂರನೆಯದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮೊದಲೆರಡನ್ನು ಕಲಿತವರಿಗೆ ಅದು ತಾನಾಗಿ ಒಲಿಯುತ್ತದೆ. ಹೊಸಬರು ಪೆಟ್ಟಿಗೆ ತುಂಬ ಎರೆ ಕೂಡಿಡುವುದಕ್ಕಿಂತ ಎಂಟು ಇಂಚಿನ ಒಂದು ಮೃದು ಎರೆ, ಏಳು ಇಂಚಿನ ಆಸುಪಾಸಿನ ಒಂದು ಗ್ಲೈಡ್ ಬೇಟ್ ಕೊಂಡು, ಒಂದು ಋತುವಿಡೀ ಅವೆರಡನ್ನೇ ಎಸೆಯುವುದು ನನ್ನ ಮಟ್ಟಿಗೆ ಸರಿಯಾದ ದಾರಿ.

ಇಂತಹ ಎರೆಗಳು 60ರಿಂದ 120 ಗ್ರಾಂ ತೂಗುತ್ತವೆ. ಏಳೂವರೆಯಿಂದ ಎಂಟು ಅಡಿ ಉದ್ದದ, ಆ ತೂಕವನ್ನು ಎಸೆಯಲೆಂದೇ ತಯಾರಿಸಿದ ಕೋಲು ಬೇಕು. ಕೋಲಿನ ಬುಡದಲ್ಲಿ ಬರೆದಿರುವ ತೂಕದ ಮಿತಿಯನ್ನು ಮೀರಿದರೆ ಅದು ಎಸೆಯುವಾಗಲೇ ಮುರಿಯಬಹುದು. ದೊಡ್ಡ ಗಾತ್ರದ ಬೇಟ್‌ಕಾಸ್ಟಿಂಗ್ ರೀಲ್‌ಗೆ, ಅಂದರೆ ಕೋಲಿನ ಮೇಲೆ ಕೂರುವ ದಾರ ಸುತ್ತುವ ರಾಟೆಗೆ, 20ರಿಂದ 25 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಅಥವಾ ಮಾನೋ (ಒಂಟಿ ಎಳೆಯ ನೈಲಾನ್) ದಾರ, ಗಿಡಗಂಟಿಗಳ ನಡುವೆಯಾದರೆ 65 ಪೌಂಡ್‌ನ ಬ್ರೇಡ್ (ಹೆಣೆದ ದಾರ) ಹೊಂದುತ್ತದೆ. ಎಸೆಯುವಾಗ ಮಣಿಕಟ್ಟಿನಿಂದ ಝಾಡಿಸಬಾರದು. ಎರೆಯನ್ನು ಕೋಲಿನ ತುದಿಯಿಂದ ಎರಡು ಮೂರು ಅಡಿ ಕೆಳಗೆ ತೂಗಾಡಲು ಬಿಟ್ಟು, ಎರಡೂ ಕೈಗಳಿಂದ ಕೋಲನ್ನು ನಿಧಾನವಾಗಿ ಹಿಂದಕ್ಕೆ ಒಯ್ದು, ಭಾರ ತುದಿಯ ಮೇಲೆ ಕೂತದ್ದು ಕೈಗೆ ತಿಳಿದ ಬಳಿಕ ಒಂದೇ ಹದದಲ್ಲಿ ಮುಂದಕ್ಕೆ ಬೀಸಬೇಕು. ಗಂಟನ್ನು ಮಾತ್ರ ಪದೇಪದೇ ಮುಟ್ಟಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಬೇಕು. ಇಷ್ಟು ಭಾರದ ಎರೆ ನಡು ಎಸೆತದಲ್ಲಿ ದಾರ ಕಿತ್ತುಕೊಂಡು ಹೋದರೆ ನಷ್ಟ ಸಣ್ಣದಲ್ಲ.

ಮೃದು ಎರೆಯನ್ನು ಎಳೆಯುವಲ್ಲಿ ಇರುವ ಕೌಶಲವೆಲ್ಲ ನಿಧಾನದಲ್ಲಿದೆ. ಎಸೆದ ಮೇಲೆ ಅದು ತಳ ಮುಟ್ಟುವವರೆಗೆ ಎಣಿಸಿ. ದಾರ ಸಡಿಲಗೊಂಡದ್ದು ಕಂಡಾಗ ತಳ ಸಿಕ್ಕಿತೆಂದು ತಿಳಿದು, ಬಾಲ ಆಡುತ್ತಿರುವುದು ಕೋಲಿನಲ್ಲಿ ಮೆಲ್ಲಗೆ ಮಿಡಿಯುವಷ್ಟೇ ವೇಗದಲ್ಲಿ ರೀಲ್‌ನ ಹಿಡಿಯನ್ನು ತಿರುಗಿಸಬೇಕು. ಆ ಮಿಡಿತ ನಿಂತರೆ ತೀರ ನಿಧಾನವಾಯಿತು, ಬಿರುಸಾದರೆ ಎರೆ ತಳ ಬಿಟ್ಟು ಮೇಲೇರಿತು ಎಂದರ್ಥ. ದಡದಲ್ಲಿ ನಿಂತು ಆಳಕ್ಕೆ ಎಸೆದು ಇಳಿಜಾರನ್ನು ಏರಿಸುತ್ತ ತರುವುದರಲ್ಲಿ ಒಂದು ಅನುಕೂಲವಿದೆ: ನೆಲವೂ ಎರೆಯೂ ಜೊತೆಯಲ್ಲೇ ಏರುವುದರಿಂದ ಎರೆ ಉದ್ದಕ್ಕೂ ತಳಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಮತ್ತು ಆಳದಲ್ಲಿ ತಲೆಯನ್ನು ದಡದತ್ತ ಮಾಡಿ ನಿಂತ ಮೀನಿನ ಪಕ್ಕದಲ್ಲೇ ಹಾದುಹೋಗುತ್ತದೆ. ದೋಣಿಯಲ್ಲಿದ್ದರೂ ಕೆಲವೊಮ್ಮೆ ದೋಣಿಯನ್ನು ದಡದ ಬಳಿ ನಿಲ್ಲಿಸಿ ಆಳಕ್ಕೆ ಎಸೆಯುವುದು ಇದೇ ಕಾರಣಕ್ಕೆ. ಎರೆ ಕಲ್ಲಿಗೆ ತಾಗಿದರೆ ಕೋಲನ್ನು ಎತ್ತಿ ಜಗ್ಗದೆ, ಅರೆಗಳಿಗೆ ನಿಲ್ಲಿಸಿ ಮತ್ತೆ ಹೊರಡಿಸಿ. ಕಡಿತಗಳು ಹೆಚ್ಚಾಗಿ ಬೀಳುವುದು ಈ ತಡವರಿಕೆಯಲ್ಲೇ.

ಗ್ಲೈಡ್ ಬೇಟ್‌ನ ವಿಷಯ ಬೇರೆ. ತಿಳಿನೀರಿನಲ್ಲಿ, ಮೇಲಿನ ಐದಾರು ಅಡಿಗಳಲ್ಲಿ ಸಾಗುವ ಅದು ಮೀನನ್ನು ದೂರದಿಂದ ಕರೆಯುತ್ತದೆ. ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದರೆ ಒಂದು ಕಡೆಗೆ ಜಾರುತ್ತದೆ, ಮತ್ತರ್ಧ ಸುತ್ತಿಗೆ ಇನ್ನೊಂದು ಕಡೆಗೆ. ಇಲ್ಲಿ ಗಾಳ ಹಾಕುವವರ ಎದೆ ಬಡಿತ ಏರಿಸುವುದು ಹಿಂಬಾಲಿಸುವ ಮೀನು: ಎರೆಯ ಹಿಂದೆ ಒಂದು ಮೊಳ ಅಂತರದಲ್ಲಿ ಮಬ್ಬಾದ ಹಸಿರು ಬೆನ್ನೊಂದು ಮೂಡಿ, ಎರೆ ನಿಂತರೆ ನಿಂತು, ಸರಿದರೆ ಸರಿಯುತ್ತ ದೋಣಿಯವರೆಗೂ ಬಂದು ತಿರುಗಿ ಹೋಗುತ್ತದೆ. ಮೀನು ಕಂಡೊಡನೆ ಕೈ ತಾನಾಗಿ ನಿಧಾನಗೊಳ್ಳುತ್ತದೆ. ಮಾಡಬೇಕಾದದ್ದು ಅದಕ್ಕೆ ವಿರುದ್ಧ. ಬೆನ್ನಟ್ಟಿದವನನ್ನು ಕಂಡ ಮೀನು ನಿಲ್ಲುವುದಿಲ್ಲ, ಓಡುತ್ತದೆ. ಎರಡು ಸಲ ಚುರುಕಾಗಿ ತಿರುಗಿಸಿ, ಆಮೇಲೆ ದಾರಕ್ಕೆ ಸಡಿಲ ಕೊಟ್ಟು ಕೋಲಿನ ತುದಿಯಿಂದ ಸಣ್ಣದಾಗಿ ಕುಕ್ಕಿದರೆ, ಎರೆ ಗಿರಕ್ಕನೆ ತಿರುಗಿ ಹಿಂಬಾಲಕನ ಮುಖಕ್ಕೆ ಎದುರಾಗುತ್ತದೆ. ಬೇಟೆಮೀನು ಆಹಾರವನ್ನು ಬಹುಪಾಲು ತಲೆಯ ಕಡೆಯಿಂದಲೇ ನುಂಗುವುದರಿಂದ, ಹೀಗೆ ಎದುರಾದ ತಲೆ ಎಷ್ಟೋ ಸಲ ಅದರ ಅನುಮಾನವನ್ನು ಮುಗಿಸಿಬಿಡುತ್ತದೆ. ಆದರೂ ಕಚ್ಚದಿದ್ದರೆ ಆ ಮೀನು ಎಲ್ಲಿಂದ ಹೊರಟು ಬಂತೆಂದು ನೆನಪಿಟ್ಟುಕೊಳ್ಳಿ. ಮುಸ್ಸಂಜೆಗೆ ಅಥವಾ ಗಾಳಿಯಿಂದ ನೀರಿನ ಮೇಲ್ಮೈ ಕದಡಿದಾಗ ಅದೇ ಜಾಗಕ್ಕೆ ಮೃದು ಎರೆಯನ್ನು ಕಳುಹಿಸಬೇಕು.

ಕಚ್ಚಿದಾಗ ಕೈಗೆ ಬರುವ ಸುದ್ದಿ ಹಲವೊಮ್ಮೆ ಒಂದು ಟಕ್ ಎಂಬ ಸಣ್ಣ ತಟ್ಟು ಮಾತ್ರ. ಅಷ್ಟಕ್ಕೇ ಎಳೆದರೆ ಎರೆ ಬಾಯಿಂದ ಜಾರಿ ಬರುತ್ತದೆ. ಹಿಡಿ ತಿರುಗಿಸುತ್ತಲೇ ಇದ್ದು, ಭಾರ ಕೋಲಿನ ಮೇಲೆ ಬಿದ್ದ ಬಳಿಕ ಕೋಲನ್ನು ಪಕ್ಕಕ್ಕೆ ದೀರ್ಘವಾಗಿ, ಬಲವಾಗಿ ಸೆಳೆಯಬೇಕು. ಮೃದು ಎರೆಯಲ್ಲಿ ಬೆನ್ನಿನ ಕೊಕ್ಕೆಯೊಂದನ್ನೇ ನೆಚ್ಚದೆ, ಗಟ್ಟಿ ದಾರದ ತುಂಡಿನಿಂದ ಹೊಟ್ಟೆಯ ಕೆಳಗೊಂದು ಟ್ರೆಬಲ್ ಹುಕ್ (ಮುಮ್ಮೊನೆಯ ಕೊಕ್ಕೆ) ಕಟ್ಟಿ, ಅದರ ಮೂರು ಮೊನೆಗಳಲ್ಲಿ ಒಂದನ್ನು ಮಾತ್ರ ಎರೆಯ ಮೈಗೆ ಮೇಲುಮೇಲೆ ಚುಚ್ಚಿಟ್ಟರೆ, ಈಜುವಾಗ ಅದು ಅಲ್ಲೇ ನಿಂತು ಕಡಿತ ಬಿದ್ದೊಡನೆ ಬಿಡಿಸಿಕೊಳ್ಳುತ್ತದೆ. ಮೀನು ತಲೆ ಒದರಿದಾಗ ಭಾರದ ಎರೆಯೇ ಸನ್ನೆಕೋಲಾಗಿ ಕೊಕ್ಕೆಯನ್ನು ಕಿತ್ತುಹಾಕುವುದುಂಟು. ದಾರ ಎರೆಯ ಮೈಯೊಳಗಿಂದ ಹಾದು ನೇರ ಕೊಕ್ಕೆಗೆ ಸೇರುವ ಬಗೆಯಲ್ಲಿ ಎರೆ ಮೇಲಕ್ಕೆ ಜಾರಿಹೋಗುವುದರಿಂದ ಆ ತೊಂದರೆ ಕಡಿಮೆ. ಏನೇ ಇರಲಿ, ದಾರವನ್ನು ಒಂದು ಕ್ಷಣವೂ ಸಡಿಲ ಬಿಡಬಾರದು, ಮೀನು ಹಾರಲು ಮೇಲೇಳುವ ಸೂಚನೆ ಕಂಡರೆ ಕೋಲಿನ ತುದಿಯನ್ನು ನೀರಿಗೆ ಇಳಿಸಬೇಕು.

ಬಾಯಿಯಗಲವಾದ, ರಬ್ಬರ್ ಹೊದಿಕೆಯ ಬಲೆಯನ್ನು ಮೊದಲೇ ಬಿಡಿಸಿ ಕೈಗೆಟಕುವಂತೆ ಇಟ್ಟಿರಬೇಕು. ಟ್ರೆಬಲ್ ಹುಕ್ ನೇತಾಡುತ್ತಿರುವ ಬಾಯಿಗೆ ಹೆಬ್ಬೆರಳು ಹಾಕುವುದು ಅಪಾಯಕರ. ಮೀನನ್ನು ಬಲೆಯಲ್ಲಿ, ನೀರಿನೊಳಗೇ ಇರಿಸಿ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಮೇಲೆತ್ತುವುದಾದರೆ ಒಂದು ಕೈ ಕೆಳದವಡೆಗೆ, ಇನ್ನೊಂದು ಕೈ ಹೊಟ್ಟೆಗೆ ಆಸರೆ ಕೊಟ್ಟು ಅಡ್ಡಲಾಗಿ ಎತ್ತಬೇಕು. ಇಷ್ಟು ಭಾರದ ಮೀನನ್ನು ದವಡೆಯಿಂದ ಮಾತ್ರ ನೇತುಹಾಕಿದರೆ ದವಡೆಗೆ ಪೆಟ್ಟಾಗುತ್ತದೆ. ಮರಳಿ ಬಿಡುವ ವಿಷಯದಲ್ಲಿ ಆಯಾ ನೀರಿನ ನಿಯಮವನ್ನು ಮೊದಲೇ ಓದಿಕೊಂಡಿರಬೇಕು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ 22 ಪೌಂಡ್ 5 ಔನ್ಸ್ ಬಾಸ್, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಸ್ಥಾಪಿಸಿ 1932ರಿಂದ ಉಳಿದಿದ್ದ ವಿಶ್ವದಾಖಲೆಯನ್ನು ಸರಿಗಟ್ಟಿತು. ಅದೇ ಬಿವಾದಲ್ಲಿ ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳಿಗೆ ಕಂಟಕವಾದ ಜಾತಿಯೆಂದು, ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದನ್ನೇ ನಿಷೇಧಿಸಲಾಗಿದೆ.

ಮನೆಗೆ ಬಂದ ಮೇಲೆ ಎರೆಗಳನ್ನು ಒರೆಸಿ ಒಣಗಿಸಿ. ಮೃದು ಎರೆಗಳನ್ನು ಒಂದರ ಮೇಲೊಂದು ತುರುಕದೆ, ಅವು ಬಂದ ಅಚ್ಚಿನ ಹೊದಿಕೆಯಲ್ಲೇ ನೇರವಾಗಿ ಮಲಗಿಸಿಡಬೇಕು. ಬಾಲ ಬಾಗಿದ ಎರೆ ಒಂದು ಮಗ್ಗುಲಿಗೆ ವಾಲಿ ಈಜುತ್ತದೆ, ದೊಡ್ಡ ಬಾಸ್ ಅದನ್ನು ಮೂಸಿಯೂ ನೋಡುವುದಿಲ್ಲ. ಬಾಗಿದ್ದರೆ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ, ಮೆತ್ತಗಾದಾಗ ಕೈಯಿಂದ ನೇರಮಾಡಿ, ಕೂಡಲೇ ತಣ್ಣೀರಿಗೆ ಹಾಕಿದರೆ ಹಳೆಯ ಆಕಾರಕ್ಕೆ ಬರುತ್ತದೆ. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಳ್ಳದೆ ಜಾರಿದರೆ ಅದನ್ನು ಅಂದೇ ಬದಲಾಯಿಸಿಡಿ.