ಒಂದು ಕೂಗಿದರೆ ಐದೂ ಕೂಗಬೇಕು: ಮನೆಗೆ ಹೊಗೆ ಅಲಾರಂ ಹಾಕಿದ ನನ್ನ ಅನುಭವ

ಹೋದ ತಿಂಗಳು ಒಂದು ಮಧ್ಯಾಹ್ನ ಅಮ್ಮ ಅವರೆಕಾಳು ಬೇಯಲು ಇಟ್ಟು, ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು. ಪಕ್ಕದ ಮನೆಯವರು ಮಾತಿಗೆ ಸಿಕ್ಕರು. ನೀರು ಇಂಗಿ ಪಾತ್ರೆ ಸೀದುಹೋಯಿತು. ಹಾಲ್‌ನ ಅಲಾರಂ ಹೊಗೆ ಹಿಡಿದು ಕೂಗಿತು. ಮೂರ್ನಾಲ್ಕು ಸೆಕೆಂಡಿಗೆ ಮಹಡಿ ರೂಮಿನದೂ ಕೂಗಿತು. ಅಲ್ಲಿ ಮಲಗಿದ್ದವರು ನಮ್ಮ ಭಾವ. "ದುಡ್ಡು ದಂಡ ಕಣಪ್ಪ, ಒಗ್ಗರಣೆ ಹಾಕಿದಾಗಲೆಲ್ಲ ಬಡ್ಕೊಳ್ಳುತ್ತೆ ಅಷ್ಟೆ" ಅಂತ ಎರಡು ವರ್ಷದಿಂದ ಹೇಳುತ್ತಿದ್ದವರು. ಅವರೇ ಓಡಿ ಬಂದು ಗ್ಯಾಸ್ ಆರಿಸಿದರು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಎರಡು ಅಂತಸ್ತಿನ ಮನೆ. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಕೆಳಗೆ ಕೂಗಿದ್ದು ಮೇಲೆ ಮಲಗಿದವರಿಗೆ ಕೇಳದಿದ್ದರೆ ಅಲಾರಂ ಇದ್ದೂ ಏನು ಪ್ರಯೋಜನ, ಅಲ್ವಾ? ಹಾಗಾಗಿ ತಂತಿಯಿಲ್ಲದೆ ಒಂದಕ್ಕೊಂದು ಲಿಂಕ್ ಆಗೋದೇ, ಅಂದರೆ ಒಂದು ಕೂಗಿದರೆ ಉಳಿದವೂ ಕೂಗೋದೇ ಬೇಕು ಅಂತ ಹಟ ಹಿಡಿದೆ.

ಮೊದಲ ಸಲ ಅಗ್ಗದ ನಾಲ್ಕು ತರಿಸಿದೆ. ಒಂದಕ್ಕೆ ಎಂಟುನೂರೋ ಒಂಬೈನೂರೋ. ಒಂದೇ ಕೋಣೆಯಲ್ಲಿ ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದವು, ಮಹಡಿಗೆ ಒಯ್ದರೆ ಮೌನ. ಎಲ್ಲರೂ ಗೇಟಿನ ರಿಮೋಟನ್ನು ದೂರಿದರು. ಅದರ ರೇಡಿಯೋ ಸಿಗ್ನಲ್ಲೂ 433 ಮೆಗಾಹರ್ಟ್ಸ್, ಅಲಾರಂನದೂ 433, ಒಂದಕ್ಕೊಂದು ಅಡ್ಡ ಬರುತ್ತೆ ಅಂತ. ರಿಮೋಟಿನ ಬ್ಯಾಟರಿ ಎರಡು ದಿನ ತೆಗೆದಿಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ನಿಜವಾದ ಕಾರಣ ಸಿಗ್ನಲ್ ತಡೆಯುವ, ಕಬ್ಬಿಣದ ಕಂಬಿ ತುಂಬಿದ ಕಾಂಕ್ರೀಟ್ ಮೋಲ್ಡ್. ಜೊತೆಗೆ ಮೇಲಿನ ಅಲಾರಂ ಸ್ಟೀಲ್ ಬೀರುವಿನ ನೆತ್ತಿಗೇ ಇತ್ತು. ನಾಲ್ಕಡಿ ಆಚೆ ಸರಿಸಿದ ಮೇಲೆ ಹತ್ತರಲ್ಲಿ ಏಳು ಸಲ ಕೂಗಿತು. ಬೆಂಕಿ ವಿಷಯದಲ್ಲಿ ಏಳು ಸಾಲದು. ಅಡುಗೆಮನೆಯದಂತೂ ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸಾಕು, ಕಿರುಚುತ್ತಿತ್ತು. ಒಂದು ದಿನ ಅಮ್ಮ ಪೊರಕೆ ಹಿಡಿಯಿಂದ ತಿವಿದು ಬೀಳಿಸಿದರು. ತಿಂಗಳುಗಟ್ಟಲೆ ಅದು ಫ್ರಿಜ್ ಮೇಲೆ ಬಿದ್ದಿತ್ತು. ಮೂರೂವರೆ ಸಾವಿರ ಹೋಯಿತು.

ಎರಡನೇ ಸಲ ಸುಮಾರು ಹದಿಮೂರು ಸಾವಿರ ಹಾಕಿದೆ. ಒಟ್ಟು ಐದು. ಒಂದರ ಸುದ್ದಿಯನ್ನು ಇನ್ನೊಂದು ಮುಂದಕ್ಕೆ ದಾಟಿಸುವ ಜಾತಿಯದು. ಮೆಟ್ಟಿಲ ತಿರುವಿನಲ್ಲಿ ಒಂದನ್ನು ಹಾಕಿದ್ದೇ ಗೆಲುವಿಗೆ ಕಾರಣ. ಮೋಲ್ಡ್ ತೂರಬೇಕಾಗಿಲ್ಲ, ಸಿಗ್ನಲ್ ಮೆಟ್ಟಿಲು ಹತ್ತಿ ಹೋಗುತ್ತೆ. ಒಂದಕ್ಕೊಂದು ಲಿಂಕ್ ಮಾಡುವಾಗ ಐದನ್ನೂ ಒತ್ತೊತ್ತಾಗಿ ಇಟ್ಟಿದ್ದೆ, ಒಂದನ್ನೊಂದು ಗುರುತಿಸಲು ಕಲಿಯಲೇ ಇಲ್ಲ. ಒಂದೊಂದು ಮಾರು ದೂರ ಇಟ್ಟೆ, ತಕ್ಷಣ ಕಲಿತವು. ಅಡುಗೆಮನೆಗೆ ಹೊಗೆಯದಲ್ಲ, ಶಾಖದ ಅಲಾರಂ. 58 ಡಿಗ್ರಿ ಹತ್ತಿರ ಹೋದರೆ ಮಾತ್ರ ಕೂಗುತ್ತೆ. ಅವತ್ತು ಅವರೆಕಾಳು ಸೀದಾಗ ಅದು ತಾನಾಗಿ ಏನನ್ನೂ ಹಿಡಿಯಲಿಲ್ಲ, ಹಾಲ್‌ನದರ ಸುದ್ದಿ ಕೇಳಿ ಕೂಗಿತು. ಆದ್ದರಿಂದ ಹಾಲ್‌ನ ಜಾಗ ತುಂಬಾ ಮುಖ್ಯ. ಒಂದು ವಾರ ದಿನಾ ಒಗ್ಗರಣೆ ಹಾಕಿಸಿ, ಏಣಿ ಹತ್ತಿ ಇಳಿದು ಜಾಗ ಕಂಡುಕೊಂಡೆ. ಅದರ ಲೆಕ್ಕ ನನ್ನ ಹತ್ತಿರವೇ ಇರಲಿ. 

ದೇವರಮನೆಯಲ್ಲಿ ಎರಡು ಊದುಬತ್ತಿ ಹಚ್ಚಿದರೆ ಎಂಟಡಿ ದೂರದ ಅಲಾರಂ ಸುಮ್ಮನಿರುತ್ತೆ. ನಾಲ್ಕಕ್ಕೂ ಸುಮ್ಮನಿತ್ತು. ಸಾಂಬ್ರಾಣಿಗೆ ಮಾತ್ರ ಬಿಡೋದಿಲ್ಲ. ಅದಕ್ಕೆ ಶುಕ್ರವಾರ ಸಂಜೆ ಮೊದಲೇ ಅಲಾರಂನ ಗುಂಡಿ ಒತ್ತಿಬಿಡುತ್ತೇವೆ, ಹತ್ತು ನಿಮಿಷ ಸುಮ್ಮನಾಗುತ್ತೆ. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಆಗುವ ಶೆಡ್ಡಿಗೂ ಒಂದನ್ನು ಕಟ್ಟಿ ನೋಡಿದೆ. ಮಾಗಿಯ ಬೆಳಗಿನ ಜಾವ ಮಂಜು ಒಳಗೆ ಸೇರಿ ಐದು ಗಂಟೆಗೇ ಬೀದಿ ಎಬ್ಬಿಸಿತು. ಅದನ್ನು ಬಿಚ್ಚಿ ಅಮ್ಮನ ರೂಮಿಗೆ ಹಾಕಿದೆ. ಈಗ ಅಲ್ಲೇ ಇದೆ.

ಕಳೆದ ಭಾನುವಾರ ಭಾವನ ಮನೆಗೂ ನಾಲ್ಕು ಹಾಕಿ ಬಂದೆ. ಮಂಡ್ಯದ ಹತ್ತಿರ ಅವರದು ಹಳೇ ಹೆಂಚಿನ ಮನೆ. ಹೊಗೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತೆ ಅಂತ ಅಟ್ಟದ ಹಲಗೆ ಕೆಳಗೇ ಕೂರಿಸಿದೆ. ಅಲ್ಲಿ ಕಂಬಿಯ ಕಾಟ ಇಲ್ಲ. ಮೊದಲ ಟೆಸ್ಟಿಗೇ ನಾಲ್ಕೂ ಕೂಗಿದವು.